ಕಟ್ಟು ಬಿಚ್ಚುವ ಸೇವೆ: ಆತ್ಮಿಕ ಬಿಡುಗಡೆಯ ಹಾದಿಯಲ್ಲಿ ನೆರವಾಗುವವನ ಸ್ಥಾನ

ಕ್ರೈಸ್ತ ವಿಶ್ವಾಸವು ಮನುಷ್ಯನಿಗೆ ಬಿಡುಗಡೆಯನ್ನು ತರುತ್ತದೆ ಎಂಬುದು ನಾವೆಲ್ಲರೂ ಬೋಧಿಸುವ ಸತ್ಯ. ಆದರೆ ಆ ಬಿಡುಗಡೆಯನ್ನು ಇನ್ನೊಬ್ಬರು ಕಂಡುಕೊಳ್ಳುವಂತೆ ನೆರವಾಗುವುದು ಹೇಗೆ? ಆ ನೆರವಿಗೆ ಎಲ್ಲೆಗಳುಂಟೆ? ಬಿಡಿಸಲು ಹೋದವನೇ ಹೊಸದೊಂದು ಬಂಧನವಾಗಿ ಪರಿಣಮಿಸುವ ಅಪಾಯವನ್ನು ತಡೆಯುವುದೆಂತು? ಗುರುಮಠದ ತರಗತಿಗಳಲ್ಲಿ ವಿಮೋಚನೆಯ ದೈವಶಾಸ್ತ್ರವನ್ನು ವಿವರವಾಗಿ ಕಲಿಸುವ ನಾವು ಈ ಮೂರು ಪ್ರಶ್ನೆಗಳಿಗೆ ಕೊಡುವ ಸಮಯ ಅಲ್ಪ. ಆದರೆ ಧರ್ಮಕೇಂದ್ರಕ್ಕೆ ನೇಮಕವಾದ ಯುವ ಯಾಜಕನು ಮೊದಲ ವರ್ಷದಲ್ಲಿಯೇ ಎದುರಿಸುವುದು ಇವುಗಳನ್ನೇ. ಆದುದರಿಂದ ಈ ಲೇಖನದಲ್ಲಿ ಪವಿತ್ರಗ್ರಂಥ, ಧರ್ಮಸಭೆಯ ಬೋಧನೆ ಹಾಗೂ ನಮ್ಮ ಉತ್ತರ ಕರ್ನಾಟಕದ ಪಾಲನಾ ಪರಿಸರ ಈ ಮೂರನ್ನೂ ಜೊತೆಗಿರಿಸಿಕೊಂಡು ಅವುಗಳನ್ನು ಪರಿಶೀಲಿಸೋಣ.

1. ಪ್ರಶ್ನೆ ಹುಟ್ಟುವ ನೆಲ

2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿ ವಿಜಯಪುರ ಜಿಲ್ಲೆಯೂ ಸೇರಿದೆ. ನಗರಕ್ಕೆ ಕುಡಿಯುವ ನೀರೊದಗಿಸುವ ಕೆರೆಯಿಂದಾಗಿ ಭೂತನಾಳದ ಹೆಸರು ಇಲ್ಲಿ ಎಲ್ಲರಿಗೂ ಪರಿಚಿತ. ಅಲ್ಲಿಂದ ತಿಕೋಟಾ, ಬಬಲೇಶ್ವರಗಳವರೆಗೆ ಹರಡಿರುವ ಊರುಗಳಲ್ಲಿಯೂ ತಾಂಡಾಗಳಲ್ಲಿಯೂ ಕ್ರೈಸ್ತರ ಸಂಖ್ಯೆ ತೀರ ಕಡಿಮೆ. ಮಳೆಯನ್ನು ನಂಬಿದ ಜೋಳದ ಹೊಲ, ಸಾಲ ಮಾಡಿ ಬೆಳೆಸಿದ ದ್ರಾಕ್ಷಿಯ ತೋಟ, ಬರ ಬಿದ್ದಾಗ ಗೋವೆಗೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗುವ ಕುಟುಂಬಗಳು ಇಲ್ಲಿನ ಬದುಕಿನ ಚಿತ್ರ. ಮಠ, ದರ್ಗಾ, ಗುಡಿ, ಚರ್ಚು ಎಂಬ ಭೇದವಿಲ್ಲದೆ ಎಲ್ಲಿ ಸಮಾಧಾನ ಸಿಕ್ಕೀತೋ ಅಲ್ಲಿಗೆ ಹೋಗುವುದು ಇಲ್ಲಿನ ಜನರ ರೂಢಿ.

ಇಂಥ ಒಂದು ಕುಟುಂಬವನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳೋಣ. ಅತ್ತೆಯೊಬ್ಬಳು ಇಪ್ಪತ್ತೆರಡು ವರ್ಷದ ಸೊಸೆಯನ್ನು ಕರೆದುಕೊಂಡು ಗುರುನಿವಾಸದ ಬಾಗಿಲಿಗೆ ಬರುತ್ತಾಳೆ. ಸೊಸೆಯ ಕೊರಳಲ್ಲಿ ಎರಡು ತಾಯತ, ತೋಳಿನಲ್ಲಿ ಕರಿದಾರ. ಅಮಾವಾಸ್ಯೆ ಬಂದಾಗಲೆಲ್ಲ ಪ್ರಜ್ಞೆ ತಪ್ಪಿ ಬೀಳುತ್ತಾಳೆ, ಬೇರೆ ದನಿಯಲ್ಲಿ ಮಾತನಾಡುತ್ತಾಳೆ. "ಫಾದರ್, ಸೊಸಿಗಿ ಗಾಳಿ ಬಡದದರಿ. ಮೂರು ಕಡಿ ತೋರಿಸೀವಿ, ಕಡಿಮಿ ಆಗವಲ್ದು. ನೀವೂ ಒಂದೀಟು ನೀರು ಮಂತ್ರಿಸಿ ಕೊಡ್ರಿ" ಎಂದು ಕೇಳುತ್ತಾಳೆ. ಮೂರು ಕಡೆಯೂ ಹಣ ಖರ್ಚಾಗಿದೆ. ಒಂದು ಕಡೆ ಬೇವಿನ ಬರಲಿನಿಂದ ಹೊಡೆದಿದ್ದಾರೆ, ಇನ್ನೊಂದು ಕಡೆ ನೆರೆಮನೆಯವರೇ ಭಾನಾಮತಿ ಮಾಡಿಸಿದ್ದಾರೆಂದು ಹೇಳಿ ಕಳುಹಿಸಿದ್ದಾರೆ.

ಯಾಜಕನ ಮುಂದೆ ಈಗ ಮೂರು ದಾರಿಗಳಿವೆ. ಇದೆಲ್ಲ ಮೂಢನಂಬಿಕೆ ಎಂದು ಗದರಿಸಿ ಕಳುಹಿಸಬಹುದು. ಕೇಳಿದ ನೀರನ್ನು ಮಂತ್ರಿಸಿ ಕೊಟ್ಟು ಸುಮ್ಮನಾಗಬಹುದು. ಇಲ್ಲವೆ ದೊಡ್ಡ ದನಿಯಲ್ಲಿ ಪಿಶಾಚಿಗೆ ಆಜ್ಞೆ ಮಾಡತೊಡಗಬಹುದು. ಮೊದಲನೆಯದರಿಂದ ಭಯ ಹೋಗುವುದಿಲ್ಲ, ಅದು ನಾಚಿಕೆಯಿಂದ ಮರೆಗೆ ಸರಿಯುತ್ತದೆ, ಅಷ್ಟೆ. ಎರಡನೆಯ ಹಾಗೂ ಮೂರನೆಯ ದಾರಿ ಹಿಡಿದವನು ಆ ಕುಟುಂಬದ ಪಾಲಿಗೆ ನಾಲ್ಕನೆಯ ಮಂತ್ರವಾದಿಯಾಗುತ್ತಾನೆ. ಈ ಮೂರನ್ನೂ ಬಿಟ್ಟು ಶುಭಸಂದೇಶ ತೋರುವ ದಾರಿ ಯಾವುದು ಎಂಬುದೇ ನಮ್ಮ ಪ್ರಶ್ನೆ.

2. ಪವಿತ್ರಗ್ರಂಥದಲ್ಲಿ ಬಿಡುಗಡೆ

ಸಂತ ಪೌಲನು ಗಲಾತ್ಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯವು ಕ್ರೈಸ್ತ ಸ್ವಾತಂತ್ರ್ಯದ ಸನ್ನದು ಎಂದೇ ಹೆಸರಾಗಿದೆ. ಅಲ್ಲಿ ಎರಡು ವಿಚಾರಗಳು ಒಟ್ಟಿಗೆ ಬರುತ್ತವೆ. ಮೊದಲನೆಯದಾಗಿ, ನಮ್ಮನ್ನು ಬಿಡಿಸಿದವನು ಕ್ರಿಸ್ತನು. ಹಾಗೆ ಬಿಡುಗಡೆ ಹೊಂದಿದವರು ಮತ್ತೆ ನೊಗಕ್ಕೆ ಕೊರಳೊಡ್ಡಬಾರದು (5:1). ಎರಡನೆಯದಾಗಿ, ಆ ಸ್ವಾತಂತ್ರ್ಯವು ಸ್ವೇಚ್ಛೆಗಾಗಿ ದೊರೆತುದಲ್ಲ, ಪ್ರೀತಿಯಿಂದ ಪರಸ್ಪರ ಸೇವೆ ಮಾಡುವುದಕ್ಕಾಗಿ ದೊರೆತುದು (5:13). ಅಂದರೆ ಬಿಡುಗಡೆಗೆ ಎರಡು ಮುಖಗಳಿವೆ: ಯಾವುದರಿಂದ ಬಿಡುಗಡೆ, ಯಾವುದಕ್ಕಾಗಿ ಬಿಡುಗಡೆ. ಭಯದಿಂದ ಬಿಡಿಸಿ ಪ್ರೀತಿಯ ಕಡೆಗೆ ನಡೆಸದ ಸೇವೆಯು ಅರ್ಧಕ್ಕೇ ನಿಂತ ಸೇವೆ.

ಅದೇ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಲೋಕದ ದುರ್ಬಲ ಶಕ್ತಿಗಳ ದಾಸ್ಯವನ್ನೂ ದಿನ, ತಿಂಗಳು, ಋತುಗಳನ್ನು ಭಯದಿಂದ ಆಚರಿಸುವುದನ್ನೂ ಪ್ರಸ್ತಾಪಿಸುತ್ತಾನೆ (4:8-10). ಅಮಾವಾಸ್ಯೆಗೆ ಅಂಜುವ ಮನೆಯವರಿಗೆ ಈ ಭಾಗವು ಹಳೆಯ ಕಾಲದ ಮಾತಾಗಿ ಕೇಳಿಸದು. ಹಿಬ್ರಿಯರಿಗೆ ಬರೆದ ಪತ್ರವು ಇನ್ನೂ ಆಳಕ್ಕಿಳಿದು, ಮರಣಭಯವೇ ಮನುಷ್ಯನನ್ನು ಜೀವಮಾನವಿಡೀ ದಾಸ್ಯದಲ್ಲಿರಿಸುತ್ತದೆ ಎನ್ನುತ್ತದೆ (2:14-15). ದಾಸತ್ವದ ಆತ್ಮವು ಭಯಕ್ಕೆ ನಡೆಸಿದರೆ, ಪುತ್ರತ್ವದ ಆತ್ಮವು ದೇವರನ್ನು ತಂದೆಯೆಂದು ಕರೆಯುವ ಧೈರ್ಯವನ್ನು ಕೊಡುತ್ತದೆ (ರೋಮ 8:15). ಆದುದರಿಂದ ಕ್ರೈಸ್ತ ಬಿಡುಗಡೆಯ ತಿರುಳು ಒಂದು ಶಕ್ತಿಯನ್ನು ಅದಕ್ಕಿಂತ ದೊಡ್ಡ ಶಕ್ತಿಯಿಂದ ಓಡಿಸುವುದರಲ್ಲಿಲ್ಲ. ಅನಾಥಭಾವದಲ್ಲಿರುವವನು ತಾನು ತಂದೆಯ ಮಗುವೆಂದು ಅರಿಯುವುದರಲ್ಲಿದೆ.

ಶುಭಸಂದೇಶಗಳ ಮೂರು ಪ್ರಸಂಗಗಳು ಈ ಸೇವೆಯ ರೀತಿಯನ್ನು ನಮಗೆ ತಿಳಿಸಿಕೊಡುತ್ತವೆ.

ಲೂಕನು ಹೇಳುವ, ಹದಿನೆಂಟು ವರ್ಷ ಬಾಗಿಯೇ ಬದುಕಿದ ಮಹಿಳೆಯ ಪ್ರಸಂಗ ಮೊದಲನೆಯದು (13:10-17). ಸಬ್ಬತ್ ದಿನ ಆಕೆಯನ್ನು ಗುಣಪಡಿಸಿದ್ದಕ್ಕೆ ಆಕ್ಷೇಪ ಬಂದಾಗ ಪ್ರಭು ಯೇಸು ಕೊಡುವ ಹೋಲಿಕೆ ರೈತನ ಮನೆಯದು: ಸಬ್ಬತ್ತಿನಂದೂ ಎತ್ತನ್ನೋ ಕತ್ತೆಯನ್ನೋ ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೆ ಎಂದು ಕೇಳುತ್ತಾರೆ. ಬೇಸಿಗೆಯಲ್ಲಿ ದನಗಳನ್ನು ಕೆರೆಗೆ ಬಿಡುವ ನಮ್ಮ ಭಾಗದ ಜನರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಹಗ್ಗ ಬಿಚ್ಚುವವನು ನೀರನ್ನು ಸೃಷ್ಟಿಸುವುದಿಲ್ಲ, ದಾಹವನ್ನೂ ಸೃಷ್ಟಿಸುವುದಿಲ್ಲ. ದಾಹಕ್ಕೂ ನೀರಿಗೂ ನಡುವೆ ಇರುವ ಹಗ್ಗವನ್ನು ಮಾತ್ರ ಸಡಿಲಿಸುತ್ತಾನೆ. ಪ್ರಭು ಆಕೆಯನ್ನು ಅಬ್ರಹಾಮನ ಮಗಳೆಂದು ಕರೆದುದನ್ನೂ ಗಮನಿಸಬೇಕು. ಬೆನ್ನಿನೊಂದಿಗೆ ಆಕೆಯ ಮಾನವೂ ನೆಟ್ಟಗಾಯಿತು.

ಎರಡನೆಯದು ಗೆರಸೇನರ ನಾಡಿನ ಮನುಷ್ಯನ ಪ್ರಸಂಗ (ಮಾರ್ಕ 5:1-20). ಊರವರು ಅವನನ್ನು ಸರಪಳಿಗಳಿಂದ ಕಟ್ಟಿದ್ದರು. ಪ್ರಭುವನ್ನು ಸಂಧಿಸಿದ ಮೇಲೆ ಅವನು ಬಟ್ಟೆ ಧರಿಸಿ, ಸ್ವಸ್ಥಬುದ್ಧಿಯಿಂದ ಕುಳಿತಿರುತ್ತಾನೆ. ಬಿಡುಗಡೆಯ ಗುರುತಾಗಿ ಮಾರ್ಕನು ತೋರಿಸುವುದು ಈ ಶಾಂತಿಯನ್ನು. ಬಳಿಕ ಅವನು ಯೇಸುವಿನ ಸಂಗಡವೇ ಇರುವೆನೆಂದು ಬೇಡುತ್ತಾನೆ. ಪ್ರಭು ಅದಕ್ಕೆ ಒಪ್ಪದೆ, ಅವನನ್ನು ಅವನ ಮನೆಗೆ, ಅವನ ಜನರ ಬಳಿಗೆ ಕಳುಹಿಸುತ್ತಾರೆ. ತಮ್ಮಿಂದ ಉಪಕಾರ ಪಡೆದವನನ್ನು ಪ್ರಭು ತಮ್ಮ ಬಳಿ ಇರಿಸಿಕೊಳ್ಳಲಿಲ್ಲ ಎಂಬ ಸಂಗತಿಯು ಈ ಸೇವೆಯಲ್ಲಿರುವ ಎಲ್ಲರ ಆತ್ಮಶೋಧನೆಗೆ ಅಳತೆಗೋಲಾಗಬೇಕು.

ಮೂರನೆಯದು ಲಾಸರನ ಪ್ರಸಂಗ (ಯೊವಾನ್ನ 11:1-44). ಸತ್ತವನನ್ನು ಕರೆದು ಎಬ್ಬಿಸಿದವರು ಪ್ರಭು ಒಬ್ಬರೇ. ಸಮಾಧಿಯಿಂದ ಹೊರಬಂದವನ ಕೈಕಾಲುಗಳಿಗೆ ಸುತ್ತಿದ್ದ ಬಟ್ಟೆಗಳನ್ನು ಬಿಚ್ಚಿ ಅವನನ್ನು ಹೋಗಗೊಡುವ ಕೆಲಸವನ್ನು ಅವರು ಸುತ್ತ ನಿಂತವರಿಗೆ ವಹಿಸುತ್ತಾರೆ. ಜೀವ ಕೊಡುವುದು ಕ್ರಿಸ್ತನ ಕಾರ್ಯ, ಕಟ್ಟು ಬಿಚ್ಚುವುದು ಸಮುದಾಯದ ಕಾರ್ಯ, ಹೋಗಗೊಡುವುದು ಆ ಕಾರ್ಯದ ಕೊನೆ. ನೆರವಾಗುವವನ ಸ್ಥಾನವೇನೆಂಬ ಪ್ರಶ್ನೆಗೆ ಉತ್ತರವನ್ನು ನಾವು ಈ ಮೂರರ ಕ್ರಮದಲ್ಲಿ ಕಾಣುತ್ತೇವೆ. ಒಬ್ಬ ಯಾಜಕನು ಮೊದಲನೆಯದನ್ನು ತನ್ನದೆಂದು ಹೇಳಿಕೊಂಡರೆ ಅದು ಅಹಂಕಾರ, ಎರಡನೆಯದನ್ನು ಮಾಡದಿದ್ದರೆ ಅದು ಆಲಸ್ಯ, ಮೂರನೆಯದಕ್ಕೆ ಒಪ್ಪದಿದ್ದರೆ ಅದು ಹೊಸ ದಾಸ್ಯ.

3. ಆಲಿಸುವುದು ಮತ್ತು ವಿವೇಚಿಸುವುದು

ಕಟ್ಟು ಬಿಚ್ಚಬೇಕಾದರೆ ಗಂಟು ಎಲ್ಲಿದೆ ಎಂದು ಮೊದಲು ನೋಡಬೇಕು. ನಮ್ಮ ನಿದರ್ಶನದಲ್ಲಿ ಇದುವರೆಗೆ ಮಾತನಾಡಿದವಳು ಅತ್ತೆ. ಸೊಸೆಯನ್ನು ಯಾರೂ ಕೇಳಿಲ್ಲ. ಮೂರು ಕಡೆ ತೋರಿಸಿದಾಗಲೂ ಆಕೆಯ ಬಗ್ಗೆ ಮಾತು ನಡೆದಿದೆ, ಆಕೆಯೊಂದಿಗೆ ನಡೆದಿಲ್ಲ. ಆದುದರಿಂದ ಯಾಜಕನ ಮೊದಲ ಕೆಲಸ, ಧರ್ಮಭಗಿನಿಯೊಬ್ಬರನ್ನೋ ವಿವೇಕವುಳ್ಳ ಹಿರಿಯ ಮಹಿಳೆಯನ್ನೋ ಕರೆದು, ಎಲ್ಲರಿಗೂ ಕಾಣುವಂಥ ತೆರೆದ ಸ್ಥಳದಲ್ಲಿ, ಆ ಹೆಣ್ಣುಮಗಳು ಅಂಜಿಕೆಯಿಲ್ಲದೆ ಮಾತನಾಡಲು ಅನುಕೂಲ ಮಾಡಿಕೊಡುವುದು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿಲ್ಲವೆಂಬ ಚುಚ್ಚುಮಾತು, ಗೋವೆಗೆ ದುಡಿಯಲು ಹೋದ ಗಂಡನಿಂದ ಬಾರದ ಕರೆ, ತನ್ನ ಮೇಲೆಯೇ ಏನೋ ಶಾಪವಿದೆಯೆಂಬ ಗುಟ್ಟಿನ ಭಯ ಇವು ಆಗ ಹೊರಬರಬಹುದು.

ಗುಟ್ಟಿನ ಈ ಶಕ್ತಿಯನ್ನು ಸಂತ ಲೊಯೋಲದ ಇಗ್ನೇಷಿಯಸ್ಸರು ಚೆನ್ನಾಗಿ ಬಲ್ಲವರಾಗಿದ್ದರು. 1548ರಲ್ಲಿ ಮೂರನೆಯ ಪೌಲ್ ವಿಶ್ವಗುರುಗಳ ಅನುಮೋದನೆ ಪಡೆದ ಅವರ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದ 326ನೆಯ ಪರಿಚ್ಛೇದದಲ್ಲಿ ಶತ್ರುವನ್ನು ಕಪಟ ಪ್ರೇಮಿಗೆ ಹೋಲಿಸಲಾಗಿದೆ. ಅವನ ಬಯಕೆ ಒಂದೇ, ತನ್ನ ಮಾತು ಮರೆಯಲ್ಲಿಯೇ ಉಳಿಯಬೇಕು. ಒಳ್ಳೆಯ ಮಾರ್ಗದರ್ಶಿಯ ಮುಂದೆ ಅದು ಬಯಲಾದೊಡನೆ ಅವನ ಬಲ ಕುಗ್ಗುತ್ತದೆ. ಭಯಕ್ಕೆ ಹೆಸರಿಟ್ಟು ಇನ್ನೊಬ್ಬರ ಮುಂದೆ ಹೇಳಿಕೊಳ್ಳುವುದೇ ಬಿಡುಗಡೆಯ ಮೊದಲ ಹೆಜ್ಜೆಯೆಂಬುದನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಪ್ರತಿ ಯಾಜಕನೂ ಬಲ್ಲನು.

ಆಲಿಸಿದ ಮೇಲೆ ವಿವೇಚನೆ. ಪ್ರಜ್ಞೆ ತಪ್ಪಿ ಬೀಳುವುದು ಮೂರ್ಛೆರೋಗವಿರಬಹುದು, ಅದಕ್ಕೆ ಔಷಧಿಯಿದೆ. ರಕ್ತಹೀನತೆಯಿರಬಹುದು. ತಡೆಹಿಡಿದ ದುಃಖವು ದೇಹದ ಮೂಲಕ ಮಾತನಾಡುತ್ತಿರಬಹುದು. ಬಾಯಿಬಿಟ್ಟು ಹೇಳಲಾಗದ ಸಂಕಟವು ಮೈಮೇಲೆ ಬರುವಿಕೆಯ ರೂಪದಲ್ಲಿ ಹೊರಬೀಳುವುದನ್ನು ಮನೋವೈದ್ಯರು ನಮ್ಮ ನಾಡಿನಲ್ಲಿಯೇ ಅಧ್ಯಯನ ಮಾಡಿದ್ದಾರೆ, ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಈ ಬಗ್ಗೆ ಕನ್ನಡದಲ್ಲಿ ಸರಳವಾಗಿ ಬರೆದಿದ್ದಾರೆ. ಅಂಥ ಪುಸ್ತಕಗಳು ಗುರುಮಠದ ಗ್ರಂಥಾಲಯದಲ್ಲಿರಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂಬುದು ಯಾಜಕನಿಗೆ ತಿಳಿದಿರಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಧರ್ಮಕೇಂದ್ರದ ಸೂಚನಾಫಲಕದಲ್ಲಿ ಹಾಕುವುದೂ ಪಾಲನಾ ಸೇವೆಯೇ. ವೈದ್ಯರ ಬಳಿಗೆ ಕಳುಹಿಸುವುದು ವಿಶ್ವಾಸದ ಕೊರತೆಯಲ್ಲ. ಕೃಪೆಯು ಪ್ರಕೃತಿಯನ್ನು ಅಳಿಸುವುದಿಲ್ಲ, ಪರಿಪೂರ್ಣಗೊಳಿಸುತ್ತದೆ ಎಂಬ ಸಂತ ಥಾಮಸ್ ಅಕ್ವಿನಾಸರ ತತ್ವವನ್ನು ನಾವು ಒಪ್ಪುವುದಾದರೆ ಆಸ್ಪತ್ರೆಯೂ ದೇವರ ಆರೈಕೆಯ ಒಂದು ಅಂಗವೆಂದು ಒಪ್ಪಿದಂತೆಯೇ.

4. ಧರ್ಮಸಭೆಯ ನಿಯಮಗಳು

ಪಿಶಾಚಿಯು ಕೇವಲ ಸಂಕೇತವೆಂದು ಧರ್ಮಸಭೆ ಬೋಧಿಸುವುದಿಲ್ಲ. ಹಾಗೆಂದು ಪ್ರತಿಯೊಂದು ಸಂಕಟದಲ್ಲಿಯೂ ಪಿಶಾಚಿಯನ್ನು ಹುಡುಕುವುದೂ ಅದರ ಬೋಧನೆಯಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೆಯ ಪರಿಚ್ಛೇದವು ಭೂತೋಚ್ಚಾಟನೆ ಮತ್ತು ಕಾಯಿಲೆ, ಅದರಲ್ಲಿಯೂ ಮಾನಸಿಕ ಕಾಯಿಲೆ, ಇವೆರಡರ ವ್ಯತ್ಯಾಸವನ್ನು ಸ್ಪಷ್ಟಪಡಿಸಿ, ಮೊದಲೇ ಅದನ್ನು ಖಚಿತಪಡಿಸಿಕೊಳ್ಳಬೇಕೆಂದು ಎಚ್ಚರಿಸುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1172ನೆಯ ವಿಧಿಯ ಪ್ರಕಾರ, ಧರ್ಮಾಧ್ಯಕ್ಷರಿಂದ ವಿಶೇಷವಾದ, ಸ್ಪಷ್ಟವಾದ ಅನುಮತಿಯನ್ನು ಪಡೆಯದೆ ಯಾರೂ ಪೀಡಿತರ ಮೇಲೆ ಭೂತೋಚ್ಚಾಟನೆಯನ್ನು ನಡೆಸುವಂತಿಲ್ಲ. ಆ ಅನುಮತಿಯೂ ಭಕ್ತಿ, ಜ್ಞಾನ, ವಿವೇಕ ಮತ್ತು ಶುದ್ಧಜೀವನವುಳ್ಳ ಯಾಜಕನಿಗೆ ಮಾತ್ರ.

1985ರ ಸೆಪ್ಟೆಂಬರ್ 29ರಂದು ವಿಶ್ವಾಸ ಸಿದ್ಧಾಂತ ಪರಿಷತ್ತು ಧರ್ಮಾಧ್ಯಕ್ಷರಿಗೆ ಬರೆದ ಪತ್ರವು ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಅಧಿಕಾರವಿಲ್ಲದವರು ನಡೆಸುವ ಪ್ರಾರ್ಥನಾಕೂಟಗಳಲ್ಲಿ ಪಿಶಾಚಿಗಳನ್ನು ನೇರವಾಗಿ ಪ್ರಶ್ನಿಸುವುದನ್ನೂ ಅವುಗಳ ಹೆಸರು ಕೇಳುವುದನ್ನೂ ಅದು ನಿಷೇಧಿಸುತ್ತದೆ. ಗುಣಪ್ರಾಪ್ತಿಯ ಪ್ರಾರ್ಥನೆಗಳ ಕುರಿತು ಅದೇ ಪರಿಷತ್ತು 2000ದ ಸೆಪ್ಟೆಂಬರ್ 14ರಂದು ನೀಡಿದ ನಿರ್ದೇಶನವು ಉನ್ಮಾದ, ಕೃತಕತೆ, ನಾಟಕೀಯತೆಗಳಿಗೆ ಎಡೆಗೊಡಬಾರದೆಂದು ವಿಧಿಸುತ್ತದೆ. ಈ ನಿಯಮಗಳ ಹಿಂದಿರುವ ಕಾಳಜಿ ಪೀಡಿತನ ಮಾನ. ಹತ್ತಾರು ಜನರ ಮುಂದೆ ಒಬ್ಬ ಹೆಣ್ಣುಮಗಳು ನೆಲದ ಮೇಲೆ ಹೊರಳಾಡುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ಸಾಕ್ಷ್ಯವೆಂದು ಹಂಚುವುದು ಬಿಡುಗಡೆಯಲ್ಲ. ಆಕೆಗೆ ಮತ್ತೊಂದು ಸರಪಳಿ ತೊಡಿಸಿದಂತೆ.

ನಾಡಿನ ಕಾನೂನೂ ಇದೇ ದಿಕ್ಕಿನಲ್ಲಿದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಗಟ್ಟಲು ಕರ್ನಾಟಕವು 2017ರಲ್ಲಿ ರೂಪಿಸಿ 2020ರಲ್ಲಿ ಜಾರಿಗೆ ತಂದ ಕಾಯ್ದೆಯು ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದನ್ನು ಅಪರಾಧವೆನ್ನುತ್ತದೆ. ಬೇವಿನ ಬರಲಿನ ಪೆಟ್ಟು ಯಾವ ಧರ್ಮದ ಹೆಸರಿನಲ್ಲಿ ಬಿದ್ದರೂ ಪೆಟ್ಟೇ.

5. ವಂಶಶಾಪವೆಂಬ ಬೋಧನೆ

ಇತ್ತೀಚೆಗೆ ಕೆಲವು ಪ್ರಾರ್ಥನಾಶಿಬಿರಗಳಲ್ಲಿ ಕೇಳಿಬರುವ ಬೋಧನೆಯೊಂದನ್ನು ಇಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಪೂರ್ವಜರ ಪಾಪಗಳಿಂದ ಬಂದ ಶಾಪವು ಮಕ್ಕಳು ಮೊಮ್ಮಕ್ಕಳ ಕಾಯಿಲೆ, ಬಂಜೆತನ, ಬಡತನಗಳಿಗೆ ಕಾರಣ, ವಂಶವೃಕ್ಷವನ್ನು ಬರೆದು ಒಂದೊಂದು ಕೊಂಬೆಯನ್ನೂ ಪ್ರಾರ್ಥನೆಯಿಂದ ಕತ್ತರಿಸಬೇಕು ಎಂಬುದು ಆ ಬೋಧನೆ. ವಿಮೋಚನಾಕಾಂಡ 20:5ನ್ನು ಇದಕ್ಕೆ ಆಧಾರವಾಗಿ ಹೇಳುತ್ತಾರೆ. ಆದರೆ ಆ ವಚನದ ಅರ್ಥವನ್ನು ಪವಿತ್ರಗ್ರಂಥವೇ ಮುಂದೆ ತಿಳಿಗೊಳಿಸುತ್ತದೆ. ತಂದೆಯ ಪಾಪದ ಹೊರೆಯನ್ನು ಮಗ ಹೊರುವುದಿಲ್ಲವೆಂಬುದನ್ನು ಯೆಜೆಕಿಯೇಲನ 18ನೆಯ ಅಧ್ಯಾಯವು ಮತ್ತೆ ಮತ್ತೆ ಸಾರುತ್ತದೆ. ಹುಟ್ಟುಕುರುಡನ ವಿಷಯದಲ್ಲಿ ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕುತ್ತಾರೆ (ಯೊವಾನ್ನ 9:1-3). ಈ ಪದ್ಧತಿಗೆ ದೈವಶಾಸ್ತ್ರದ ಆಧಾರವಿಲ್ಲವೆಂದು ಸ್ಪೇನ್ ದೇಶದ ಧರ್ಮಾಧ್ಯಕ್ಷರು 2024ರಲ್ಲಿ ಪ್ರಕಟಿಸಿದ ಟಿಪ್ಪಣಿಯೂ ಎಚ್ಚರಿಸಿದೆ.

ಮದ್ಯವ್ಯಸನ, ಸಾಲ, ಮನೆಯೊಳಗಿನ ಹಿಂಸೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದುಬರುವುದು ಸತ್ಯ. ಅದು ಇಳಿದುಬರುವುದು ಅನುಕರಣೆ, ಗಾಯ, ಬಡತನಗಳ ಮೂಲಕ. ಅದಕ್ಕೆ ಮದ್ದು ಕ್ಷಮೆ, ಚಿಕಿತ್ಸೆ, ಶಿಕ್ಷಣ ಮತ್ತು ನ್ಯಾಯ. ಮಕ್ಕಳಿಲ್ಲದ ಸೊಸೆಗೆ ನಿನ್ನ ತವರಿನ ವಂಶದಲ್ಲಿ ಶಾಪವಿದೆ ಎಂದು ಯಾಜಕನೇ ಹೇಳಿದರೆ, ಅತ್ತೆಯ ಆಪಾದನೆಗೆ ದೇವರ ಮುದ್ರೆ ಒತ್ತಿದಂತಾಗುತ್ತದೆ. ಜ್ಞಾನಸ್ನಾನ ಪಡೆದ ಕ್ರೈಸ್ತನ ವಿಷಯದಲ್ಲಂತೂ ಈ ಬೋಧನೆಯು ಆ ಸಂಸ್ಕಾರದ ಪೂರ್ಣತೆಯನ್ನೇ ಸಂದೇಹಿಸುತ್ತದೆ.

6. ಸಂಸ್ಕಾರವೂ ತಾಯತವೂ

ಹಾಗಾದರೆ ನಾವು ಪ್ರಾರ್ಥಿಸಬಾರದೆ? ಅಗತ್ಯವಾಗಿ ಪ್ರಾರ್ಥಿಸಬೇಕು. ಸಂಕಟದಲ್ಲಿ ಬಂದವರ ತಲೆಯ ಮೇಲೆ ಕೈಯಿರಿಸಿ ತಂದೆಯಾದ ದೇವರಲ್ಲಿ ಸರಳವಾಗಿ ಬೇಡಿಕೊಳ್ಳುವುದಕ್ಕೆ ಯಾವ ತಡೆಯೂ ಇಲ್ಲ. ಪ್ರಾರ್ಥನೆಯು ಪಿಶಾಚಿಯೊಂದಿಗೆ ಸಂಭಾಷಣೆಯಾಗದೆ ದೇವರೊಂದಿಗೆ ಸಂಭಾಷಣೆಯಾಗಿರಬೇಕು, ಅಷ್ಟೆ. ಪೀಡಿತರೂ ತಮ್ಮ ಮಾತಿನಲ್ಲಿಯೇ ಪ್ರಾರ್ಥಿಸುವಂತೆ ಪ್ರೋತ್ಸಾಹಿಸಬೇಕು. ಏಕೆಂದರೆ ಯಾಜಕನ ಪ್ರಾರ್ಥನೆಗೆ ಮಾತ್ರ ಶಕ್ತಿಯಿದೆಯೆಂಬ ಭಾವನೆ ಬೆಳೆದರೆ ಅಲ್ಲಿ ಹೊಸ ಹಗ್ಗವೊಂದನ್ನು ಹೊಸೆಯತೊಡಗಿದಂತೆ.

ಮಂತ್ರಿಸಿದ ನೀರಿನ ಪ್ರಶ್ನೆ ಸೂಕ್ಷ್ಮವಾದುದು. ತೀರ್ಥಜಲವು ಜ್ಞಾನಸ್ನಾನದ ನೆನಪು. ಧರ್ಮೋಪದೇಶ ಗ್ರಂಥದ 1670ನೆಯ ಪರಿಚ್ಛೇದದಂತೆ ಇಂಥ ಪವಿತ್ರ ಸಂಕೇತಗಳು ಸಂಸ್ಕಾರಗಳ ರೀತಿಯಲ್ಲಿ ಕೃಪೆಯನ್ನು ನೀಡುವುದಿಲ್ಲ. ಧರ್ಮಸಭೆಯ ಪ್ರಾರ್ಥನೆಯ ಮೂಲಕ ಕೃಪೆಯನ್ನು ಸ್ವೀಕರಿಸಲು ನಮ್ಮನ್ನು ಅಣಿಗೊಳಿಸುತ್ತವೆ. ತಾಯತವನ್ನು ಧರಿಸುವುದು ಖಂಡನೀಯವೆಂದು 2117ನೆಯ ಪರಿಚ್ಛೇದ ಹೇಳುತ್ತದೆ. ಅದನ್ನು ನಾವು ಜನರಿಗೆ ಓದಿ ಹೇಳುತ್ತೇವೆ. ಆದರೆ ಅದಕ್ಕೆ ಸ್ವಲ್ಪ ಮೊದಲಿನ 2111ನೆಯ ಪರಿಚ್ಛೇದವು ನಮ್ಮ ಕಡೆಗೇ ತಿರುಗುತ್ತದೆ. ಅಂತರಂಗದ ಸಿದ್ಧತೆಯನ್ನು ಬಿಟ್ಟು ಬರೀ ಬಾಹ್ಯಾಚರಣೆಯಿಂದಲೇ ಪ್ರಾರ್ಥನೆಗಳೂ ಸಂಸ್ಕಾರಗಳ ಚಿಹ್ನೆಗಳೂ ಫಲಿಸುತ್ತವೆಂದು ಭಾವಿಸುವುದು ಕೂಡ ಮೂಢಭಕ್ತಿಯೇ ಎನ್ನುತ್ತದೆ. ಜಪಸರವನ್ನೋ ಎಣ್ಣೆಯ ಶೀಶೆಯನ್ನೋ ವಿವರಣೆಯಿಲ್ಲದೆ ಕೊಟ್ಟು ಕಳುಹಿಸಿದರೆ ಅದು ಹಳೆಯ ತಾಯತದ ಪಕ್ಕದಲ್ಲಿ ಮೂರನೆಯದಾಗಿ ತೂಗುತ್ತದೆ. ಕೊಡುವುದಾದರೆ ಅರ್ಥ ತಿಳಿಸಿ ಕೊಡಬೇಕು, ಉಚಿತವಾಗಿ ಕೊಡಬೇಕು, ಒಮ್ಮೆಗೇ ಸಾಕಾಗುವಂತೆ ಕೊಡಬೇಕು.

ತಾಯತವನ್ನು ನಾವೇ ಕಿತ್ತೆಸೆಯುವ ಅವಸರವೂ ಸಲ್ಲದು. ಎಫೆಸದಲ್ಲಿ ಮಾಟಮಂತ್ರದ ಗ್ರಂಥಗಳನ್ನು ಸುಟ್ಟವರು ಅವುಗಳ ಒಡೆಯರೇ. ಐವತ್ತು ಸಾವಿರ ಬೆಳ್ಳಿನಾಣ್ಯಗಳ ಬೆಲೆಯ ಆ ಗ್ರಂಥಗಳನ್ನು ವಿಶ್ವಾಸಿಗಳಾದ ಮೇಲೆ ತಾವಾಗಿಯೇ ತಂದರು (ಪ್ರೇಷಿತರ ಕಾರ್ಯಕಲಾಪಗಳು 19:18-19). ಭಯ ಹೋಗದೆ ದಾರ ಹೋದರೆ, ಮುಂದಿನ ಅಮಾವಾಸ್ಯೆಗೆ ಇನ್ನೊಂದು ದಾರ ಬರುತ್ತದೆ. ಭಯ ಹೋದಾಗ ದಾರ ತಾನಾಗಿಯೇ ಕಳಚುತ್ತದೆ.

ಕ್ರೈಸ್ತ ವಿಶ್ವಾಸಿಗಳಿಗೆ ಬಿಡುಗಡೆಯ ನಿತ್ಯಮಾರ್ಗ ಸಂಸ್ಕಾರಗಳೇ. ದೀಕ್ಷಾರ್ಥಿಗಳಿಗಾಗಿ ತಪಸ್ಸುಕಾಲದ ಮೂರು, ನಾಲ್ಕು ಮತ್ತು ಐದನೆಯ ಭಾನುವಾರಗಳಲ್ಲಿ ನಡೆಯುವ ಶೋಧನಾವಿಧಿಗಳಲ್ಲಿ ಸಮಾರ್ಯದ ಮಹಿಳೆ, ಹುಟ್ಟುಕುರುಡ, ಲಾಸರ ಇವರ ಶುಭಸಂದೇಶಗಳನ್ನು ಧರ್ಮಸಭೆ ಓದುತ್ತದೆ. ದಾಹದಿಂದ ಜಲಕ್ಕೆ, ಕತ್ತಲಿನಿಂದ ಬೆಳಕಿಗೆ, ಸಮಾಧಿಯಿಂದ ಜೀವಕ್ಕೆ ಎಂಬ ಈ ಕ್ರಮದಲ್ಲಿಯೇ ಭೂತೋಚ್ಚಾಟನೆಯ ಪ್ರಾರ್ಥನೆಗಳು ಅಡಕವಾಗಿವೆ. ಅವು ಶಾಂತವಾದ, ಸಮುದಾಯದ ನಡುವಣ ಪ್ರಾರ್ಥನೆಗಳು. ಪಾಸ್ಕ ಜಾಗರಣೆಯ ರಾತ್ರಿ ಪಿಶಾಚಿಯನ್ನು ತ್ಯಜಿಸುವ ಪ್ರತಿಜ್ಞೆಯನ್ನು ನಾವು ಅವಸರದಿಂದ ಮುಗಿಸದೆ, ನಮ್ಮ ಊರಿನ ಭಯಗಳ ಹೆಸರನ್ನು ಪ್ರಬೋಧನೆಯಲ್ಲಿ ಹೇಳಿ ಜನರನ್ನು ಅದಕ್ಕೆ ಅಣಿಗೊಳಿಸಿದರೆ, ವರ್ಷಕ್ಕೊಮ್ಮೆ ಇಡೀ ಧರ್ಮಕೇಂದ್ರಕ್ಕೆ ಅದೇ ಬಿಡುಗಡೆಯ ಸೇವೆಯಾಗುತ್ತದೆ.

7. ನೆರೆಹೊರೆಯವರ ಅಂತಃಸಾಕ್ಷಿ

ನಮ್ಮ ನಿದರ್ಶನದ ಕುಟುಂಬವು ಕ್ರೈಸ್ತರದಲ್ಲ. ಆಕೆ ಗುಣಮುಖಳಾದರೆ ಜ್ಞಾನಸ್ನಾನದ ಮಾತೆತ್ತಬಹುದೆ ಎಂದು ಗುರುವಿದ್ಯಾರ್ಥಿಗಳು ಕೇಳುವುದುಂಟು. 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ಎರಡು ದಾಖಲೆಗಳು ಇದಕ್ಕೆ ಉತ್ತರ ಕೊಡುತ್ತವೆ. ವಿಶ್ವಾಸದ ಸ್ವೀಕಾರವು ಸ್ವತಂತ್ರವಾದ ಕ್ರಿಯೆಯಾಗಿರಬೇಕೆಂದೂ ಬಡವರ ಹಾಗೂ ವಿದ್ಯೆಯಿಲ್ಲದವರ ವಿಷಯದಲ್ಲಿ ಒತ್ತಾಯದ ನೆರಳೂ ಬೀಳಬಾರದೆಂದೂ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ಹೇಳುತ್ತದೆ. ಬಲವಂತದಿಂದಾಗಲಿ ಅನುಚಿತ ಉಪಾಯಗಳಿಂದಾಗಲಿ ಯಾರನ್ನೂ ಸೆಳೆಯಬಾರದೆಂದು ಧರ್ಮಪ್ರಚಾರ ಕಾರ್ಯದ ಆದೇಶವು 13ನೆಯ ಪರಿಚ್ಛೇದದಲ್ಲಿ ವಿಧಿಸುತ್ತದೆ. ಹಾಗೆಯೇ, ವಿಶ್ವಾಸದ ಕಡೆಗೆ ಬರುವವರನ್ನು ಅನ್ಯಾಯದ ಕಿರುಕುಳದಿಂದ ಬೆದರಿಸಬಾರದೆಂದೂ ಅದೇ ಪರಿಚ್ಛೇದ ಹೇಳುತ್ತದೆ. ಭಯದಲ್ಲಿರುವವರ ಕೃತಜ್ಞತೆಯನ್ನು ಧರ್ಮಾಂತರದ ಮೆಟ್ಟಿಲು ಮಾಡಿಕೊಳ್ಳುವುದು ದೇಶದ ಕಾನೂನಿನ ಪ್ರಶ್ನೆಯಾಗುವ ಮುನ್ನವೇ ಶುಭಸಂದೇಶದ ಪ್ರಶ್ನೆ. ಸ್ವಾತಂತ್ರ್ಯವನ್ನು ಸಾರುವ ಸೇವೆಯು ಸ್ವಾತಂತ್ರ್ಯವಿಲ್ಲದ ರೀತಿಯಲ್ಲಿ ನಡೆಯಲಾರದು.

ಯಾರಾದರೂ ತಾವಾಗಿಯೇ ಕ್ರಿಸ್ತನ ಬಗ್ಗೆ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುವುದು ನಮ್ಮ ಹಕ್ಕು ಮತ್ತು ಕರ್ತವ್ಯ. ಕೇಳದವರಿಗೆ ಮಾಡಿದ ಸೇವೆಯೂ ಪೂರ್ಣವಾದ ಸೇವೆಯೇ. ಆ ಮನೆಯವರ ಪರಂಪರೆಯಲ್ಲಿಯೇ ಭಯದಿಂದ ಬಿಡಿಸುವ ದನಿಗಳಿರುವುದನ್ನು ನೆನಪಿಸಿಕೊಡುವುದೂ ಸಾಧ್ಯ. ಈ ಜಿಲ್ಲೆಯು ಬಸವಣ್ಣನವರ ಜನ್ಮಭೂಮಿ. ಶಕುನ, ಮುಹೂರ್ತ, ಕ್ಷುದ್ರದೈವಗಳ ಅಂಜಿಕೆಯನ್ನು ಹನ್ನೆರಡನೆಯ ಶತಮಾನದ ಶರಣರು ಗಟ್ಟಿಯಾಗಿ ಪ್ರಶ್ನಿಸಿದ್ದರು. ಸತ್ಯವೆಲ್ಲಿದ್ದರೂ ಅದನ್ನು ಗೌರವಿಸುವ ಯಾಜಕನಿಗೆ ಆ ನೆನಪನ್ನು ಕರೆಯಲು ಸಂಕೋಚ ಬೇಕಿಲ್ಲ.

8. ನೆರವಾಗುವವನ ಸ್ವಾತಂತ್ರ್ಯ

ಈ ಸೇವೆಯ ಅತ್ಯಂತ ದೊಡ್ಡ ಅಪಾಯ ಪೀಡಿತರಲ್ಲಿಲ್ಲ, ನಮ್ಮಲ್ಲಿದೆ. ಜನ ಸಾಲುಗಟ್ಟಿ ಬರುವುದು ಹಿತವಾಗಿರುತ್ತದೆ. ಇವರ ಕೈಗುಣ ಒಳ್ಳೆಯದೆಂಬ ಮಾತು ಕಿವಿಗೆ ಬೀಳುತ್ತದೆ. ಕಾಣಿಕೆ ಬರುತ್ತದೆ. ಸಮಾರ್ಯದ ಸೀಮೋನನು ಪವಿತ್ರಾತ್ಮರ ವರವನ್ನು ಹಣಕ್ಕೆ ಕೊಳ್ಳಲು ಬಂದಾಗ ಪೇತ್ರನು ಅವನನ್ನು ತೀವ್ರವಾಗಿ ಖಂಡಿಸಿದನು (ಪ್ರೇಷಿತರ ಕಾರ್ಯಕಲಾಪಗಳು 8:18-23). ಇಂದು ಕೊಳ್ಳಲು ಬರುವವರು ಕಡಿಮೆ. ಮಾರುವ ಪ್ರಲೋಭನೆ ಹೆಚ್ಚು.

'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದ 15ನೆಯ ಸೂಚನೆಯು ಇದಕ್ಕೆ ಪ್ರತಿಮದ್ದು. ಸಾಧನೆಗಳನ್ನು ನೀಡುವವನು ಸಾಧಕನನ್ನು ಯಾವುದೇ ಒಂದು ಕಡೆಗೆ ವಾಲಿಸದೆ, ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಂದಿಗೆ ನೇರವಾಗಿ ವ್ಯವಹರಿಸಲು ಎಡೆಗೊಡಬೇಕೆಂಬುದು ಅದರ ಸಾರ. ಯಾರ ವಿಶ್ವಾಸದ ಮೇಲೂ ತಾವು ಒಡೆಯರಲ್ಲ, ಅವರ ಆನಂದಕ್ಕಾಗಿ ಸಹಕರಿಸುವವರು ಮಾತ್ರ ಎಂಬ ಪೌಲನ ನಿಲುವೂ ಇದೇ (2 ಕೊರಿಂಥ 1:24).

ಈ ಶಿಸ್ತು ಗುರುಮಠದಲ್ಲಿಯೇ ಆರಂಭವಾಗಬೇಕು. ಅಭ್ಯರ್ಥಿಗೆ ಗುರುಪಟ್ಟ ಕೊಡುವ ಅಥವಾ ಅವನನ್ನು ಗುರುಮಠದಿಂದ ಕಳುಹಿಸುವ ನಿರ್ಧಾರದಲ್ಲಿ ಅವನ ಆಧ್ಯಾತ್ಮಿಕ ನಿರ್ದೇಶಕರ ಹಾಗೂ ಪಾಪನಿವೇದನೆ ಕೇಳುವವರ ಅಭಿಪ್ರಾಯವನ್ನು ಎಂದಿಗೂ ಕೇಳಬಾರದೆಂದು ಸಂಹಿತೆಯ 240ನೆಯ ವಿಧಿಯು ಹೇಳುತ್ತದೆ. ಅಂತರಂಗವನ್ನು ತೆರೆದವನ ಮೇಲೆ ಅಧಿಕಾರ ಚಲಾಯಿಸಬಾರದೆಂಬುದೇ ಅದರ ಆಶಯ. ತನ್ನ ಅಂತಃಸಾಕ್ಷಿಗೆ ಗೌರವ ಸಿಕ್ಕ ಗುರುವಿದ್ಯಾರ್ಥಿಯು ನಾಳೆ ಇನ್ನೊಬ್ಬರ ಅಂತಃಸಾಕ್ಷಿಯನ್ನು ಗೌರವಿಸುತ್ತಾನೆ. ಭಯದಿಂದ ವಿಧೇಯನಾಗುವುದನ್ನು ಕಲಿತವನು ಭಯದಿಂದಲೇ ಆಳಲು ಕಲಿಯುತ್ತಾನೆ. ಮೇಲಧಿಕಾರಿಗಳ ಮೆಚ್ಚುಗೆ, ಜಾತಿಯ ಹೆಮ್ಮೆ ಅಥವಾ ಕೀಳರಿಮೆ, ಮೊಬೈಲಿನ ಗೀಳು, ಹಣದ ಆಸೆ ಇವುಗಳಲ್ಲಿ ನಮ್ಮನ್ನು ಕಟ್ಟಿದ ಹಗ್ಗ ಯಾವುದೆಂದು ದಿನದ ಆತ್ಮಪರೀಕ್ಷೆಯಲ್ಲಿ ಹುಡುಕದವರು ಇತರರ ಗಂಟುಗಳನ್ನು ಬಿಚ್ಚಲಾರರು.

9. ಉಪಸಂಹಾರ

ಹೇಳಿದುದನ್ನು ಸಂಗ್ರಹಿಸುವುದಾದರೆ, ಕ್ರೈಸ್ತ ಬಿಡುಗಡೆಯ ಕರ್ತೃ ಕ್ರಿಸ್ತನು, ಅದರ ಸ್ಥಳ ಸಮುದಾಯ, ಅದರ ಗುರಿ ಪ್ರೀತಿ. ನೆರವಾಗುವವನು ಆಲಿಸುತ್ತಾನೆ, ವಿವೇಚಿಸುತ್ತಾನೆ, ವೈದ್ಯರ ಸಹಕಾರ ಪಡೆಯುತ್ತಾನೆ, ತಂದೆಯಲ್ಲಿ ಪ್ರಾರ್ಥಿಸುತ್ತಾನೆ, ಕೊನೆಗೆ ಹೋಗಗೊಡುತ್ತಾನೆ.

ಈ ಸೇವೆಯ ಯಶಸ್ಸನ್ನು ಅಳೆಯಲು ಮೂರು ಪ್ರಶ್ನೆಗಳನ್ನು ಸಹಯಾಜಕರ ಮುಂದಿಡುತ್ತೇವೆ. ನಮ್ಮ ಬಳಿ ಬಂದವರು ಹಿಂದಿಗಿಂತ ಕಡಿಮೆ ಅಂಜುತ್ತಾರೆಯೆ? ನಮ್ಮನ್ನು ಬಿಟ್ಟೂ ಪ್ರಾರ್ಥಿಸಲು, ನಿರ್ಧರಿಸಲು ಸಮರ್ಥರಾಗಿದ್ದಾರೆಯೆ? ನೆರೆಮನೆಯವರ ಮೇಲಿನ ಸಂಶಯ ಕಳೆದು ಮತ್ತೆ ಅವರೊಂದಿಗೆ ಮಾತನಾಡುತ್ತಾರೆಯೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಅವರು ಮತ್ತೆ ನಮ್ಮ ಬಾಗಿಲಿಗೆ ಬಾರದಿದ್ದರೂ ನಮಗೆ ಖೇದವಿರಬಾರದು. ಕಟ್ಟು ಬಿಚ್ಚಿದ ದನ ನೀರಿನ ಕಡೆಗೆ ಹೋಗುತ್ತದೆ. ಬಿಚ್ಚಿದವನ ಕೈಯಲ್ಲಿ ಹಗ್ಗ ಉಳಿದರೆ, ಅದರಿಂದ ಇನ್ನಾರನ್ನೂ ಕಟ್ಟದಿರುವ ಕೃಪೆಯನ್ನು ಅವನು ಪ್ರಭುವಿನಲ್ಲಿ ಬೇಡಬೇಕು.